ಕಿವಿ ಕಟ್ಟಿದೆ ಅಂತ ಹೋದರೆ ಹೊಟ್ಟೆಗೆ ಮಾತ್ರೆ ಕೊಟ್ಟಿದ್ದಾರೆ, ಎರಡಕ್ಕೂ ಸಂಬಂಧ ಇದೆಯಾ?

ಸೊರಬ_ಶಾಲಿನಿ
ಎಲ್ಲರಿಗೂ ನಮಸ್ಕಾರ. ಹೈಸ್ಕೂಲ್ ಟೀಚರ್ ನಾನು, ವಯಸ್ಸು 44. ದೀಪಾವಳಿ ಆದಮೇಲಿಂದ ಬಲಗಿವಿ ಕಟ್ಟಿದ ಹಾಗೇ ಇರುತ್ತೆ. ಬೆಳಿಗ್ಗೆ ಎದ್ದಾಗ ಜಾಸ್ತಿ. ಎಂಜಲು ನುಂಗಿದರೆ ಟಿಕ್ ಅಂತ ಬಿಡುತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ಕಟ್ಟುತ್ತೆ. ರಾತ್ರಿ ಮಲಗಿದಾಗ ಗುಂಯ್ ಅಂತ ಸದ್ದು. ಕ್ಲಾಸಲ್ಲಿ ಹಿಂದಿನ ಬೆಂಚಿನ ಮಕ್ಕಳು ಏನಾದರೂ ಕೇಳಿದರೆ ಎಡಗಿವಿ ಆ ಕಡೆ ಕೊಟ್ಟು ಇನ್ನೊಮ್ಮೆ ಹೇಳಿಸಬೇಕು. ಜೊತೆಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ, ಪಾಠ ಶುರು ಮಾಡುವ ಮುಂಚೆ ಕೆಮ್ಮಿ ಕೆಮ್ಮಿ ಸರಿ ಮಾಡ್ಕೋಬೇಕು.

ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿದೆ. ಗುಗ್ಗೆ ಇಲ್ಲ, ತಮಟೆಯಲ್ಲಿ ತೂತಿಲ್ಲ ಅಂದರು. ಮೂಗಿನಿಂದ ತೆಳ್ಳಗಿನ ಕ್ಯಾಮೆರಾ ಬಿಟ್ಟು ಗಂಟಲು ನೋಡಿ, ಹೊಟ್ಟೆಯ ಹುಳಿ ಮೇಲೆ ಬರ್ತಿದೆ ಅಂತ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಮಾತ್ರೆ ಬರೆದುಕೊಟ್ಟರು. ನನಗೆ ಎದೆಯುರಿ ಇಲ್ಲವೇ ಇಲ್ಲ, ಹುಳಿತೇಗೂ ಇಲ್ಲ. ಹೊರಗೆ ಸಾಲು ಉದ್ದ ಇತ್ತು, ಬಿಡಿಸಿ ಕೇಳೋಕೆ ಆಗಲಿಲ್ಲ. ಹೊಟ್ಟೆ ಎಲ್ಲಿ, ಕಿವಿ ಎಲ್ಲಿ? ಯಾರಿಗಾದರೂ ಹೀಗೆ ಆಗಿದೆಯಾ?

ಕೆಂಗೇರಿ_ಕಿಟ್ಟಿ
ನಮ್ಮ ಕಡೆ ಕಾಲು ನೋವಿಗೂ ಗ್ಯಾಸ್ಟ್ರಿಕ್ ಅಂತಾರೆ ಮೇಡಂ. ಬೇರೆ ಡಾಕ್ಟರಿಗೆ ತೋರಿಸಿ.

ನಾದತರಂಗ
ಕಿಟ್ಟಿ ಸರ್, ಅಷ್ಟು ಬೇಗ ತಳ್ಳಿಹಾಕಬೇಡಿ. ನಾನು ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳುತ್ತೆ ಅಂತ ಪರೀಕ್ಷೆ ಮಾಡೋಳು, ಮೈಸೂರು.

ಶಾಲಿನಿ ಮೇಡಂ, ನೀವು ಸಾಗರದಿಂದ ಜೋಗದ ಮೇಲೆ ಹೊನ್ನಾವರಕ್ಕೆ ಘಾಟಿ ಇಳಿದಿರುತ್ತೀರಿ. ಅರ್ಧ ಇಳಿಯೋ ಹೊತ್ತಿಗೆ ಎರಡೂ ಕಿವಿ ಕಟ್ಟುತ್ತೆ, ಎಂಜಲು ನುಂಗಿದರೆ ಅಥವಾ ಆಕಳಿಸಿದರೆ ಬಿಡುತ್ತೆ. ಅಲ್ಲಿ ಬಿಟ್ಟುಕೊಳ್ಳೋದು ಯುಸ್ಟೇಶಿಯನ್ ನಾಳ. ಕಿವಿ ತಮಟೆಯ ಹಿಂದಿರುವ ಗಾಳಿಗೂಡಿನಿಂದ ಮೂಗಿನ ಹಿಂಭಾಗಕ್ಕೆ ಇಳಿಯುವ ದಾರಿ ಅದು, ದೊಡ್ಡವರಲ್ಲಿ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದ. ಸಾಮಾನ್ಯವಾಗಿ ಮುಚ್ಚಿರುತ್ತೆ, ನುಂಗಿದಾಗ ಕ್ಷಣ ತೆರೆದು ಒಳಗಿನ ಗಾಳಿ ಒತ್ತಡವನ್ನ ಹೊರಗಿನದಕ್ಕೆ ಸರಿ ಮಾಡುತ್ತೆ. ಅದರ ಬಾಯಿ ಊದಿಕೊಂಡರೆ ಘಾಟಿ ಇಳಿಯದೆಯೂ ಕಿವಿ ಕಟ್ಟುತ್ತೆ.

ಮೂಗಿನ ಹಿಂಭಾಗ ಅಂದರೆ ಗಂಟಲಿನ ಮೇಲ್ಭಾಗವೇ. ಮಲಗಿದಾಗ ಹೊಟ್ಟೆಯಿಂದ ಬಂದದ್ದು ಅಲ್ಲಿವರೆಗೂ ಏರಬಹುದು. ಬೆಳಿಗ್ಗೆ ಜಾಸ್ತಿ ಅನ್ನೋದು ಅದಕ್ಕೆ ಹೊಂದುತ್ತೆ. ಆದರೆ ಅಲರ್ಜಿ ಇದ್ದರೂ, ನೆಗಡಿ ಕಟ್ಟಿಕೊಂಡರೂ ಬೆಳಿಗ್ಗೆ ಜಾಸ್ತಿಯೇ. ಸೀನು ಬರುತ್ತಾ? ಸೀಮೆಸುಣ್ಣದ ಧೂಳು? ಮತ್ತೆ, ಶ್ರವಣ ಪರೀಕ್ಷೆ ಮಾಡಿದ್ರಾ? ಅದನ್ನ ನೀವು ಬರೆದೇ ಇಲ್ಲ.

ಸೊರಬ_ಶಾಲಿನಿ
ಶ್ರವಣ ಪರೀಕ್ಷೆ ಮಾಡಲಿಲ್ಲ ಮೇಡಂ. ಸೀನು ಬರುತ್ತೆ, ಬೆಳಿಗ್ಗೆ ಅಂಗಳ ಗುಡಿಸುವಾಗ. ಅದು ಚಿಕ್ಕಂದಿನಿಂದ ಇದ್ದಿದ್ದೇ ಅಂತ ಡಾಕ್ಟರಿಗೆ ಹೇಳಲಿಲ್ಲ.

ನಾದತರಂಗ
ಹೇಳಿ. ಅದೇ ಮುಖ್ಯ ಕಾರಣ ಇದ್ದರೂ ಇರಬಹುದು. ಮತ್ತೆ ಪ್ಯೂರ್ ಟೋನ್ ಆಡಿಯೋಗ್ರಾಮ್ (ಎಷ್ಟು ಸಣ್ಣ ಸದ್ದು ಕೇಳುತ್ತೆ ಅಂತ ಅಳೆಯೋದು), ಟಿಂಪನೋಮೆಟ್ರಿ (ತಮಟೆಯ ಹಿಂದಿನ ಗಾಳಿ ಒತ್ತಡ ನೋಡೋದು) ಎರಡೂ ಮಾಡಿಸಿ. ಕೇಳಿಸೋದು ಕಡಿಮೆಯಾಗಿದೆ ಅಂತ ರೋಗಿ ಹೇಳಿದಮೇಲೆ ಎಷ್ಟು ಕಡಿಮೆ ಅಂತ ಅಳೆಯದೆ ಮಾತ್ರೆ ಕೊಡೋದು ನನಗೆ ಸರಿ ಅನ್ನಿಸಲ್ಲ.

ಅಜ್ಜಿಮದ್ದು_ಅರಸೀಕೆರೆ
ಬೆಳ್ಳುಳ್ಳಿ ಜಜ್ಜಿ ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ, ಉಗುರು ಬೆಚ್ಚಗಾದಮೇಲೆ ಎರಡು ಹನಿ ಕಿವಿಗೆ ಬಿಡಿ. ನಮ್ಮ ಮನೆಯಲ್ಲಿ ಎಲ್ಲರಿಗೂ ಇದೇ.

ನಾದತರಂಗ
ದಯವಿಟ್ಟು ಬೇಡ. ತೊಂದರೆ ತಮಟೆಯ ಹಿಂದೆ, ಎಣ್ಣೆ ನಿಲ್ಲೋದು ತಮಟೆಯ ಮುಂದೆ. ಅದು ಅಲ್ಲಿಗೆ ಹೋಗೋದೇ ಇಲ್ಲ. ಇನ್ನು ತಮಟೆಯಲ್ಲಿ ತೂತಿದ್ದವರಿಗೆ ಬಿಟ್ಟರೆ ಒಳಗೆ ಇಳಿದು ಸೋಂಕಾಗುತ್ತೆ, ಕಿವಿ ಸೋರೋಕೆ ಶುರುವಾಗುತ್ತೆ. ಎಣ್ಣೆ ಬಿಟ್ಟುಕೊಂಡು ಬಂದವರ ಕಿವಿ ಒರೆಸಿ ಒರೆಸಿ ಪರೀಕ್ಷೆ ಮಾಡೋದು ನಮಗೆ ದಿನದ ಕೆಲಸ.

ಗಂಟಲು_ಗೆಳೆಯ
ಇಎನ್‌ಟಿ (ಕಿವಿ-ಮೂಗು-ಗಂಟಲು) ಪಿಜಿ ಮಾಡ್ತಿದೀನಿ. ಮೇಡಂ ಹೇಳಿದ ನಾಳದ ದಾರಿ ಒಂದು. ಇನ್ನೊಂದು ನರದ ದಾರಿ.

ಗಂಟಲು, ಅನ್ನನಾಳಕ್ಕೆ ಹೋಗುವ ವೇಗಸ್ ನರದ ಒಂದು ಸಣ್ಣ ಕವಲು ಕಿವಿಯ ಕೊಳವೆಯ ಚರ್ಮಕ್ಕೂ ಬರುತ್ತೆ. ಕಿವಿಗೆ ಬಡ್ಸ್ ಹಾಕಿದಾಗ ಕೆಲವರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬರುತ್ತಲ್ಲ, ಅದು ಈ ಕವಲಿನಿಂದ. ಹಾಗೇ ತಿರುಗುಮುರುಗಾಗಿ, ಗಂಟಲಲ್ಲಿ ಉರಿ ಇದ್ದರೆ ಮೆದುಳಿಗೆ ಕಿವಿ ನೋವು ಅನ್ನಿಸಬಹುದು. ನಾಲಿಗೆಯ ಬುಡ, ಟಾನ್ಸಿಲ್ ಕಡೆಯಿಂದ ಬರುವ ಗ್ಲಾಸೋಫೆರಿಂಜಿಯಲ್ ನರವೂ ಮಧ್ಯಕಿವಿಗೆ ಕವಲು ಕೊಡುತ್ತೆ. ಟಾನ್ಸಿಲ್ ಆಪರೇಷನ್ ಆದವರು ಕಿವಿ ನೋವು ಅಂತ ಅಳೋದು ಅದಕ್ಕೇ.

ಎದೆಯುರಿ ಇಲ್ಲದೆ ಗಂಟಲಿಗೆ ಮಾತ್ರ ತೊಂದರೆ ಕೊಡುವ ರಿಫ್ಲಕ್ಸ್ (ಹೊಟ್ಟೆಯದು ಮೇಲೆ ಉಕ್ಕೋದು) ಇದೆ, ಹೊಸದೇನಲ್ಲ. ಅನ್ನನಾಳದ ಒಳಪದರ ಹುಳಿಯನ್ನ ಒಂದಷ್ಟು ತಾಳುತ್ತೆ, ಧ್ವನಿಪೆಟ್ಟಿಗೆ ಮತ್ತು ಗಂಟಲಿನ ಪದರ ಅಷ್ಟು ತಾಳಲ್ಲ. ಆಮ್ಲದ ಜೊತೆ ಪೆಪ್ಸಿನ್ ಅನ್ನುವ ಕಿಣ್ವವೂ ಬರುತ್ತೆ. ಅದು ಪದರಕ್ಕೆ ಅಂಟಿಕೊಂಡು ಸುಮ್ಮನಿದ್ದು, ಮತ್ತೆ ಹುಳಿ ಸೋಕಿದಾಗ ಕೆಲಸ ಶುರು ಮಾಡುತ್ತೆ. 2002ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನವರು ಕಿವಿಯಲ್ಲಿ ನೀರು ತುಂಬಿದ ಮಕ್ಕಳ ಮಧ್ಯಕಿವಿಯ ದ್ರವ ತೆಗೆದು ನೋಡಿದಾಗ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಾದರಿಗಳಲ್ಲಿ ಪೆಪ್ಸಿನ್ ಅಥವಾ ಅದರ ಪೂರ್ವರೂಪ ಸಿಕ್ಕಿತು. ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹೊಟ್ಟೆಯಲ್ಲಿ ಹುಟ್ಟುವ ಕಿಣ್ವ ಕಿವಿಯಲ್ಲಿ! ಹೊಟ್ಟೆ ಎಲ್ಲಿ ಕಿವಿ ಎಲ್ಲಿ ಅಂತ ಕೇಳಿದ್ರಲ್ಲ ಮೇಡಂ, ದಾರಿಯಂತೂ ಇದೆ.

ತರ್ಕಪ್ರಿಯ
ಅರ್ಧ ಕಥೆ ಹೇಳಿದ್ರಿ ಡಾಕ್ಟರೇ. ನಂತರ 2008ರಲ್ಲಿ ಅಮೆರಿಕದಲ್ಲಿ ಐನೂರಕ್ಕೂ ಹೆಚ್ಚು ಮಕ್ಕಳ ಮೇಲೆ ಇದೇ ಕೆಲಸ ಮಾಡಿದಾಗ ಪೆಪ್ಸಿನ್ ಸಿಕ್ಕಿದ್ದು ಸುಮಾರು ಐದರಲ್ಲಿ ಒಂದು ಮಗುವಿಗೆ. ನೂರಕ್ಕೆ ಎಂಬತ್ತೆಲ್ಲಿ, ಇಪ್ಪತ್ತೆಲ್ಲಿ?

ಪೆಪ್ಸಿನ್ ಸಿಕ್ಕಿತು ಅಂದಮಾತ್ರಕ್ಕೆ ರೋಗ ಅದರಿಂದಲೇ ಬಂತು ಅಂತಲೂ ಅಲ್ಲ. ಇನ್ನು ಮಾತ್ರೆ ವಿಷಯ: ಗಂಟಲಿನ ಲಕ್ಷಣ ಇರೋರಿಗೆ ಪ್ಯಾಂಟೊಪ್ರಜೋಲ್ ಜಾತಿಯದೇ ಆದ ಲ್ಯಾನ್ಸೊಪ್ರಜೋಲ್ ದಿನಕ್ಕೆ ಎರಡು ಸಲ 16 ವಾರ ಕೊಟ್ಟು ಬ್ರಿಟನ್ನಿನಲ್ಲಿ ಪರೀಕ್ಷಿಸಿದ್ದಾರೆ, 2021ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 346 ಜನ. ಮಾತ್ರೆ ತಿಂದವರೂ ಸುಧಾರಿಸಿದರು, ಔಷಧಿಯೇ ಇಲ್ಲದ ಖಾಲಿ ಮಾತ್ರೆ ತಿಂದವರೂ ಅಷ್ಟೇ ಸುಧಾರಿಸಿದರು. ಹಾಗಿರುವಾಗ ಎದೆಯುರಿಯೇ ಇಲ್ಲದವರಿಗೆ ಕಿವಿ ಕಟ್ಟಿದ್ದಕ್ಕೆ ತಿಂಗಳುಗಟ್ಟಲೆ ಇದನ್ನ ಬರೆಯೋದು ಯಾವ ಆಧಾರದ ಮೇಲೆ?

ಗಂಟಲು_ಗೆಳೆಯ
ಮಾತ್ರೆ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೀನಿ ಸರ್. ಆ ಮಾತ್ರೆ ಆಮ್ಲ ಕಡಿಮೆ ಮಾಡುತ್ತೆ, ಮೇಲೆ ಉಕ್ಕೋದನ್ನ ನಿಲ್ಲಿಸಲ್ಲ. ಪೆಪ್ಸಿನ್ ಬರೋದು ಬರ್ತಾನೇ ಇರುತ್ತೆ. ಆದರೆ ಮಾತ್ರೆ ಕೆಲಸ ಮಾಡಲಿಲ್ಲ ಅಂದಕೂಡಲೇ ರಿಫ್ಲಕ್ಸೇ ಇಲ್ಲ ಅನ್ನೋಕೂ ಆಗಲ್ಲ. ಊಟದ ಹೊತ್ತು, ಮಲಗೋ ರೀತಿ ಬದಲಾಯಿಸಿ ನೋಡೋದಕ್ಕೆ ಖರ್ಚೂ ಇಲ್ಲ, ಅಪಾಯವೂ ಇಲ್ಲ. ಕಿವಿ ಕಟ್ಟೋದಕ್ಕೆ ಮೊದಲ ಅನುಮಾನ ಮಾತ್ರ ಮೂಗಿನ ಮೇಲೇ ಇರಬೇಕು, ಅಲ್ಲಿಗೆ ನಿಮ್ಮ ನನ್ನ ಜಗಳ ಇಲ್ಲ.

ತರ್ಕಪ್ರಿಯ
ಜಗಳ ಇದೆ. ಕ್ಯಾಮೆರಾದಲ್ಲಿ ಗಂಟಲು ಕೆಂಪಗಿದೆ ಅಂತ ರಿಫ್ಲಕ್ಸ್ ಹಣೆಪಟ್ಟಿ ಹಚ್ಚೋದು. ದಿನಕ್ಕೆ ಆರು ಪೀರಿಯಡ್ ಕೂಗಿ ಪಾಠ ಮಾಡೋ ಟೀಚರ್ ಗಂಟಲು ಕೆಂಪಗಿರದೆ ಇನ್ನೇನಿರುತ್ತೆ? ಖಚಿತವಾಗಬೇಕಾದರೆ 24 ಗಂಟೆ ಮೂಗಿನಿಂದ ನಳಿಕೆ ಇಟ್ಟು ಆಮ್ಲ ಅಳೆಯೋ ಪರೀಕ್ಷೆ ಇದೆ.

ಗಂಟಲು_ಗೆಳೆಯ
ಸೊರಬದವರು ಆ ಪರೀಕ್ಷೆಗೆ ಎಲ್ಲಿಗೆ ಹೋಗಬೇಕು ಸರ್, ಎಷ್ಟು ದುಡ್ಡು ಸುರಿಯಬೇಕು? ಎಲ್ಲರಿಗೂ ಅದನ್ನ ಮಾಡಿಸೋಕಾಗಲ್ಲ. ಎಂಟು ವಾರ ನೋಡಿ, ಪ್ರಯೋಜನ ಇಲ್ಲದಿದ್ದರೆ ಮಾತ್ರೆ ನಿಲ್ಲಿಸಿ ಬೇರೆ ಕಾರಣ ಹುಡುಕೋದು ನ್ಯಾಯ.

ಹುಬ್ಬಳ್ಳಿ_ಬಸು
ಇಷ್ಟ ವಾದ ನಡದೈತಿ, ನಂದೂ ಒಂದ್ ಮಾತ್ ಕೇಳ್ರಿ. ನಮ್ಮ ಅಪ್ಪಾರಿಗೆ ಎಡಗಿವಿ ನೋಯ್ತಿತ್ತು. ಬರೇ ಎಡಗಿವಿ. ಕಿವ್ಯಾಗ ನೋಡಿದ್ರ ಏನೂ ಇಲ್ಲ, ಕ್ಲೀನ್. ಊರಾಗಿನ ಕ್ಲಿನಿಕ್ಕಿನ್ಯಾಗ ಗ್ಯಾಸ್ ಐತಿ ಅಂತ ಗುಳಿಗಿ ಕೊಟ್ರು. ತಿಂದ್ರು. ಮತ್ತ ಹೋದ್ವಿ, ಮತ್ತ ಅದ ಗುಳಿಗಿ. ಅಪ್ಪಾರು ತಂಬಾಕ ಹಾಕೊಳ್ಳೋರು, ಬೀಡಿನೂ ಸೇದೋರು. ಅದನ್ನ ಯಾರೂ ಕೇಳಲಿಲ್ಲ. ಆಮ್ಯಾಲ ರೊಟ್ಟಿ ನುಂಗಾಕ ತ್ರಾಸ ಆಗಾಕ ಹತ್ತಿತು, ಸಾರಿನ್ಯಾಗ ನೆನಸಿ ತಿನ್ನೋರು. ಕುತಿಗ್ಯಾಗ ಗಡ್ಡಿ ಬಂತು. ಆಗ ದೊಡ್ಡ ದವಾಖಾನಿಗೆ ಒಯ್ದ್ವಿ, ಗಂಟಲ ಕ್ಯಾನ್ಸರ್ ಅಂದ್ರು. ನುಂಗೋ ಜಾಗಾದಾಗ, ಧ್ವನಿಪೆಟ್ಟಿಗಿ ಬಾಜೂಕ ಇತ್ತು. ರೇಡಿಯೇಷನ್ ಕೊಟ್ರು, ಆದ್ರ ತಡಾ ಆಗಿತ್ತು.

ಕಿವಿ ನೋವು ಅಂದ್ರ ಗ್ಯಾಸ್ ಅನ್ನೋ ಮಾತು ಕೇಳಿದ್ರ ಈಗೂ ನನಗ ಸಿಟ್ಟ ಬರ್ತೈತಿ. ಗಂಟಲಾಗ ಕ್ಯಾಮೆರಾ ಬಿಟ್ಟು ನೋಡದ ಯಾರೂ ಹಂಗ ಅನಬಾರದು.

ಗಂಟಲು_ಗೆಳೆಯ
ಬಸು ಅಣ್ಣ, ತುಂಬಾ ಬೇಸರ ಆಯ್ತು. ನೀವು ಹೇಳಿದ್ದನ್ನ ಪ್ರತಿಯೊಬ್ಬರೂ ಓದಬೇಕು. ನಾನು ಮೇಲೆ ಬರೆದ ಅದೇ ನರಗಳ ದಾರಿಯಲ್ಲಿ ನಾಲಿಗೆ ಬುಡದ, ಗಂಟಲಿನ ಗಡ್ಡೆಯ ನೋವೂ ಕಿವಿಗೆ ಬರುತ್ತೆ. ತಂಬಾಕು, ಗುಟ್ಕಾ, ಬೀಡಿ, ಸಿಗರೇಟು, ಮದ್ಯದ ಅಭ್ಯಾಸ ಇರೋರಿಗೆ ಒಂದೇ ಕಡೆ ಕಿವಿ ನೋವಿದ್ದು ಕಿವಿ ಸರಿಯಾಗಿದ್ದರೆ ಗಂಟಲು ಪೂರ್ತಿ ನೋಡಲೇಬೇಕು. ನುಂಗಲು ಕಷ್ಟ, ಮೂರು ವಾರ ಮೀರಿದ ಧ್ವನಿ ಬದಲಾವಣೆ, ಕುತ್ತಿಗೆಯಲ್ಲಿ ಗಂಟು, ತೂಕ ಇಳಿಯೋದು, ಇವು ಇದ್ದರೆ ಒಂದು ದಿನವೂ ಕಾಯಬಾರದು. ದೊಡ್ಡವರಿಗೆ ಒಂದೇ ಕಿವಿಯಲ್ಲಿ ನೀರು ತುಂಬಿದ್ದರೂ ಮೂಗಿನ ಹಿಂಭಾಗ ನೋಡಬೇಕು, ಅಲ್ಲಿ ಗಡ್ಡೆ ಬೆಳೆದು ನಾಳದ ಬಾಯಿ ಮುಚ್ಚಿರಬಹುದು. ಶಾಲಿನಿ ಮೇಡಂ ಡಾಕ್ಟರು ಕ್ಯಾಮೆರಾ ಬಿಟ್ಟು ನೋಡಿದ್ದು ಸರಿಯಾದ ಕೆಲಸ.

ಕೆಂಗೇರಿ_ಕಿಟ್ಟಿ
ಬಸು ಅಣ್ಣ 🙏

ಪುಟ್ಟನಮ್ಮ_ತುಮಕೂರು
ನನ್ನ ಮಗನಿಗೆ ಮೂರು ವರ್ಷ. ಟಿವಿ ಜೋರು ಇಡ್ತಾನೆ, ಹಿಂದಿನಿಂದ ಕರೆದರೆ ತಿರುಗಲ್ಲ. ಎರಡೂ ಕಿವಿಯಲ್ಲಿ ಅಂಟುನೀರು ಇದೆ ಅಂದಿದ್ದಾರೆ. ಕೂಸಿದ್ದಾಗ ಕುಡಿದ ಹಾಲೆಲ್ಲ ಕಕ್ಕುತ್ತಿದ್ದ. ಇದೂ ಹುಳಿಯಿಂದಲೇನಾ? ಸಿರಪ್ ಕೊಡಿಸಲಾ?

ನಾದತರಂಗ
ಸಿರಪ್ ನೀವಾಗಿ ಕೊಡಬೇಡಿ ಅಮ್ಮ. ಮಕ್ಕಳಲ್ಲಿ ಆ ನಾಳ ಗಿಡ್ಡ, ಹೆಚ್ಚುಕಡಿಮೆ ಅಡ್ಡಡ್ಡ ಇರುತ್ತೆ. ಗಂಟಲಿನದು ಕಿವಿಗೆ ಹೋಗೋದು ಸುಲಭ. ಆದರೆ ಈ ವಯಸ್ಸಲ್ಲಿ ಅಂಟುನೀರಿಗೆ ಸಾಮಾನ್ಯ ಕಾರಣ ಪದೇ ಪದೇ ಬರೋ ನೆಗಡಿ, ಅಡಿನಾಯ್ಡ್ (ಮೂಗಿನ ಹಿಂಭಾಗದ ಮೆತ್ತನೆ ಗ್ರಂಥಿ) ಊದಿರೋದು. ಹುಳಿ ಕಡಿಮೆ ಮಾಡೋ ಮಾತ್ರೆ ಕೊಟ್ಟರೆ ನೀರು ಒಣಗುತ್ತೆ ಅನ್ನೋದಕ್ಕೆ ಒಳ್ಳೆ ಪುರಾವೆ ಇಲ್ಲ. ಬಹಳಷ್ಟು ಮಕ್ಕಳಿಗೆ ಮೂರು ತಿಂಗಳೊಳಗೆ ತಾನಾಗಿ ಹೋಗುತ್ತೆ. ಹೋಗದೆ ಎರಡೂ ಕಿವಿ ಮಂದವಾಗೇ ಉಳಿದರೆ ತಮಟೆಯಲ್ಲಿ ಗ್ರಾಮೆಟ್ ಅನ್ನೋ ಸಣ್ಣ ಕೊಳವೆ ಕೂರಿಸುತ್ತಾರೆ.

ಮಾತು ಕಲಿಯೋ ವಯಸ್ಸು. ಅದಕ್ಕೇ ಅಳತೆ ಮಾಡಿಸಿ ಅಂತ ಒತ್ತಿ ಹೇಳ್ತಿದೀನಿ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಮಗುವನ್ನ ಕರೆತರಬಹುದು, ಅಲ್ಲಿ ಚಿಕ್ಕ ಮಕ್ಕಳಿಗೆ ಆಟ ಆಡಿಸುತ್ತಾ ಪರೀಕ್ಷೆ ಮಾಡ್ತಾರೆ. ಸದ್ದು ಕೇಳಿದಾಗಲೆಲ್ಲ ಡಬ್ಬಿಗೆ ಒಂದು ಗುಂಡು ಹಾಕೋದು, ಅಷ್ಟೇ. ಮಗು ಅಳಲ್ಲ.

ಪುಟ್ಟನಮ್ಮ_ತುಮಕೂರು
ಥ್ಯಾಂಕ್ಸ್ ಅಕ್ಕ. ನಮ್ಮತ್ತೆ ಒಳಲೆಯಲ್ಲಿ ಹಾಲು ಹಾಕುವಾಗ ತೊಡೆ ಮೇಲೆ ಪೂರ್ತಿ ಮಲಗಿಸಿಬಿಡೋರು. ಎರಡನೇದು ಈಗ ನಾಲ್ಕು ತಿಂಗಳು, ಅದಕ್ಕೇ ಕೇಳ್ತಿದೀನಿ.

ನಾದತರಂಗ
ಒಳಲೆಯಾಗಲಿ ಬಾಟಲಿಯಾಗಲಿ, ತಲೆ ಎತ್ತರಕ್ಕೆ ಇರಲಿ. ಕುಡಿಸಿದಮೇಲೆ ಹೆಗಲಿಗೆ ಹಾಕಿ ತೇಗಿಸಿ. ಅತ್ತೆಗೂ ತೋರಿಸಿಕೊಡಿ, ಜಗಳ ಬೇಡ.

ಪುತ್ತೂರು_ಪ್ರಭಾ
ನಮ್ಮಲ್ಲಿ ಪಿತ್ತಕ್ಕೆ ಪುನರ್ಪುಳಿ (ಕೋಕಂ) ಶರಬತ್ತು ಕುಡಿಯುವುದು ಮಾರಾಯ್ರೆ. ಹೊಟ್ಟೆ ತಂಪಾಗ್ತದೆ. ಮಾತ್ರೆ ಎಲ್ಲ ಎಂತಕ್ಕೆ?

ಗಂಟಲು_ಗೆಳೆಯ
ಪ್ರಭಾ ಅವರೇ, ಊಟಕ್ಕೆ ಚೆನ್ನಾಗಿರುತ್ತೆ, ಆದರೆ ಅದೂ ಹುಳಿಯೇ. ಗಂಟಲ ಪದರ ಮೊದಲೇ ಉರಿಯುತ್ತಿರೋರಿಗೆ ಹಿತ ಆಗಲಿಕ್ಕಿಲ್ಲ. ಪುದೀನಾವೂ ಅಷ್ಟೇ, ಅನ್ನನಾಳದ ಕೆಳಗಿನ ಬಿಗಿ ಸಡಿಲ ಮಾಡುತ್ತೆ.

ಪುತ್ತೂರು_ಪ್ರಭಾ
ನನ್ನ ಅಮ್ಮನಿಗೆ ಎಂಬತ್ತು ವರ್ಷ, ದಿನಾ ಕುಡಿತಾರೆ, ಏನೂ ಆಗಲಿಲ್ಲ. ಎಲ್ಲರ ಹೊಟ್ಟೆ ಒಂದೇ ಅಲ್ಲ.

ಔಷಧಿ_ಅಂಗಡಿ_ಹಾಸನ
ಮೂವತ್ತು ವರ್ಷದ ಅಂಗಡಿ ನಮ್ಮದು. ಪ್ಯಾನ್-ಡಿ (ಪ್ಯಾಂಟೊಪ್ರಜೋಲ್ ಇರೋ ಜೋಡಿ ಮಾತ್ರೆ) ಅಂತ ಕೇಳಿಕೊಂಡು ಬರೋರು ನೂರು ಜನ, ಚೀಟಿ ತರೋರು ಹತ್ತು. ಊಟ ಆದಮೇಲೆ ನುಂಗ್ತಾರೆ, ಕೆಲಸ ಮಾಡಲಿಲ್ಲ ಅಂತ ಬೈತಾರೆ. ಅದನ್ನ ತಿಂಡಿಗೆ ಅರ್ಧ ಗಂಟೆ ಮುಂಚೆ ಖಾಲಿ ಹೊಟ್ಟೆಗೆ ತಗೋಬೇಕು. ಅದರಲ್ಲಿ ಡಿ ಅಂದರೆ ವಾಂತಿ ತಡೆಯೋ ಡೊಂಪೆರಿಡೋನ್, ಹೃದಯದ ಬಡಿತದ ತೊಂದರೆ ಇರೋರು ಕೇಳದೆ ತಗೋಬಾರದು. ಪ್ಯಾಂಟೊಪ್ರಜೋಲ್ ವರ್ಷಗಟ್ಟಲೆ ತಿಂದರೆ ಮೈಯಲ್ಲಿ ಬಿ12, ಮೆಗ್ನೀಸಿಯಂ ಇಳಿಯಬಹುದು. ತುಂಬಾ ದಿನ ತಿಂದು ಒಂದೇ ಸಲ ಬಿಟ್ಟರೆ ಹುಳಿ ಮೊದಲಿಗಿಂತ ಜೋರಾಗಿ ಬರುತ್ತೆ, ಆಗ 'ನೋಡಿ ಮಾತ್ರೆ ಬೇಕೇ ಬೇಕು' ಅಂತ ಮತ್ತೆ ಶುರು. ರ್‍ಯಾನಿಟಿಡಿನ್ ಅನ್ನೋ ಆಮ್ಲದ ಹಳೆ ಮಾತ್ರೆ ಕೇಳೋರು ಇನ್ನೂ ಇದ್ದಾರೆ. ಅಮೆರಿಕದಲ್ಲಿ 2020ರಲ್ಲೇ ಅದನ್ನ ವಾಪಸ್ ತೆಗೆಸಿದರು, ನಮ್ಮ ಅಗತ್ಯ ಔಷಧಿಗಳ ಪಟ್ಟಿಯಿಂದ 2022ರಲ್ಲಿ ಕೈಬಿಟ್ಟರು.

ದುಬೈ_ದಾವಣಗೆರೆ
ನನ್ನದು ಉಲ್ಟಾ ಕಥೆ. ರಿಫ್ಲಕ್ಸ್ ಇದೆ, ತೂಕ ಇಳಿಸಿ ಅಂದರು. ಮೆಣಸಿನಕಾಯಿ, ಮಂಡಕ್ಕಿ, ಬೆಣ್ಣೆ ದೋಸೆ ಎಲ್ಲ ಬಿಟ್ಟು ಬೇಗ ಬೇಗ ಇಳಿಸಿದೆ. ಎದೆಯುರಿ ಹೋಯ್ತು. ಆದರೆ ಈಗ ನನ್ನ ಧ್ವನಿ ನನ್ನ ಕಿವಿಯೊಳಗೇ ಮೊಳಗುತ್ತೆ, ಉಸಿರಾಡೋದೂ ಕೇಳಿಸುತ್ತೆ. ಮಲಗಿದರೆ ಸರಿಹೋಗುತ್ತೆ.

ನಾದತರಂಗ
ಅದು ನಾಳ ಮುಚ್ಚದೆ ತೆರೆದೇ ಇರೋ ಸ್ಥಿತಿ. ನಾಳದ ಸುತ್ತ ಇರೋ ಕೊಬ್ಬು ಕರಗಿದಾಗ ಆಗುತ್ತೆ, ಬೇಗ ತೂಕ ಇಳಿಸಿದವರಲ್ಲಿ ನೋಡ್ತೀವಿ. ಮಲಗಿದರೆ ಕಡಿಮೆಯಾಗೋದು ಅದರ ಗುರುತು. ಕಿವಿ ಕಟ್ಟಿದೆ ಅಂದುಕೊಂಡು ಮೂಗು ಹಿಡಿದು ಊದೋದು, ಮೂಗಿಗೆ ಸ್ಪ್ರೇ ಹೊಡೆಯೋದು ಮಾಡಬೇಡಿ. ನೀರು ಚೆನ್ನಾಗಿ ಕುಡಿಯಿರಿ, ಅಲ್ಲಿಯ ಇಎನ್‌ಟಿಗೆ ಇದೇ ಮಾತಲ್ಲಿ ವಿವರಿಸಿ.

ರಾಮನಗರ_ರಘು
ನಮ್ಮ ಚಿಕ್ಕಮ್ಮನಿಗೆ ನಿನ್ನೆ ಬೆಳಿಗ್ಗೆ ಎದ್ದಾಗಿಂದ ಎಡಗಿವಿ ಪೂರ್ತಿ ಕೇಳಿಸ್ತಿಲ್ಲ. ಫೋನ್ ಆ ಕಡೆ ಇಟ್ಟರೆ ಏನೂ ಇಲ್ಲ. ಸ್ವಲ್ಪ ತಲೆಸುತ್ತು. ಗ್ಯಾಸ್ ಇರಬೇಕು ಅಂತ ಈನೋ ಕುಡಿದು ಮಲಗಿದ್ದಾರೆ. ಈ ಚರ್ಚೆ ನೋಡಿ ಕೇಳ್ತಿದೀನಿ.

ಗಂಟಲು_ಗೆಳೆಯ
ರಘು, ಈಗಲೇ ಎಬ್ಬಿಸಿ ಕರೆದುಕೊಂಡು ಹೋಗಿ. ನಾಳೆ ಅಲ್ಲ, ಇವತ್ತು. ಹಠಾತ್ತನೆ ಒಂದು ಕಿವಿ ಹೋಗೋದು ಒಳಗಿವಿಯ, ನರದ ತುರ್ತು ಸಮಸ್ಯೆ ಆಗಿರಬಹುದು. ಸ್ಟೀರಾಯ್ಡ್ ಎಷ್ಟು ಬೇಗ ಶುರುವಾದರೆ ಕೇಳಿಸೋದು ವಾಪಸ್ ಬರೋ ಅವಕಾಶ ಅಷ್ಟು ಹೆಚ್ಚು. ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಹೇಳಿ. ಮಾತು ತೊದಲೋದು, ಮುಖ ಸೊಟ್ಟ ಆಗೋದು, ಕೈಕಾಲು ಸೋಲೋದು ಇದ್ದರೆ ನೇರ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ.

ರಾಮನಗರ_ರಘು
ಹೊರಟ್ವಿ.

ಸೊರಬ_ಶಾಲಿನಿ
ರಘು ಅವರೇ, ಚಿಕ್ಕಮ್ಮನ ಸುದ್ದಿ ಹಾಕಿ.

ನಾನು ಶಿವಮೊಗ್ಗದಲ್ಲಿ ಎರಡೂ ಪರೀಕ್ಷೆ ಮಾಡಿಸಿದೆ. ಕಿವಿಗೆ ರಬ್ಬರ್ ತುದಿ ಒತ್ತಿ ಗಾಳಿ ಬಿಟ್ಟರು, ಪರದೆ ಮೇಲೆ ಗುಡ್ಡದ ಹಾಗೆ ಗೆರೆ ಬಂತು. ಎಡಗಿವಿಯ ಗುಡ್ಡ ಮಧ್ಯಕ್ಕೆ ಇದೆ, ಬಲಗಿವಿಯದು ಎಡಕ್ಕೆ ಸರಿದಿದೆ. ಮೈನಸ್ 180, ಟೈಪ್ ಸಿ ಅಂತ ಬರೆದಿದ್ದಾರೆ. ಆಡಿಯೋಗ್ರಾಮಲ್ಲಿ ಬಲಗಿವಿ 25 ಡೆಸಿಬಲ್, ಮೂಳೆಯ ಮೂಲಕ ಕೇಳಿಸೋದು 10.

ನಾದತರಂಗ
ಒಳ್ಳೆ ಸುದ್ದಿ. ಮೂಳೆಯ ಮೂಲಕ ಸರಿಯಾಗಿ ಕೇಳಿಸುತ್ತೆ ಅಂದರೆ ನರ ಚೆನ್ನಾಗಿದೆ, ನೀರು ತುಂಬಿಲ್ಲ. ನೀರು ತುಂಬಿದ್ದರೆ ಗೆರೆ ಚಪ್ಪಟೆ ಬರ್ತಿತ್ತು, ಅದು ಟೈಪ್ ಬಿ. ನಿಮ್ಮದರಲ್ಲಿ ಒಳಗಿನ ಗಾಳಿ ಒತ್ತಡ ಕಡಿಮೆ, ತಮಟೆ ಒಳಕ್ಕೆ ಎಳೆದುಕೊಂಡಿದೆ. ನಾಳ ಸರಿಯಾಗಿ ತೆರೀತಿಲ್ಲ ಅಂತ ಅರ್ಥ. ಹಿಂದಿನ ಬೆಂಚಿನವರ ಮಾತು ತಪ್ಪಿಹೋಗೋಕೆ ಅಷ್ಟು ಸಾಕು. ಯಾಕೆ ತೆರೀತಿಲ್ಲ ಅನ್ನೋದು ಈ ಯಂತ್ರ ಹೇಳಲ್ಲ.

ಸೊರಬ_ಶಾಲಿನಿ
ಸೀನಿನ ವಿಷಯ ಹೇಳಿದಮೇಲೆ ಡಾಕ್ಟರು ಮೂಗಿಗೆ ಸ್ಪ್ರೇ ಕೊಟ್ಟರು. ರಾತ್ರಿ ಊಟ ಎಷ್ಟು ಹೊತ್ತಿಗೆ ಅಂತ ಈ ಸಲ ಕೇಳಿದರು. ಟ್ಯೂಷನ್ ಮುಗಿಸಿ ಹತ್ತೂವರೆಗೆ ಉಂಡು ಕೂಡಲೇ ಮಲಗೋಳು ನಾನು. ಮಲಗೋದಕ್ಕೂ ಊಟಕ್ಕೂ ಮೂರು ಗಂಟೆ ಅಂತರ ಇರಬೇಕಂತೆ, ಹಾಗಾಗಿ ಟ್ಯೂಷನ್‌ಗೆ ಮುಂಚೆಯೇ ಉಣ್ಣೋದು ಅಂತ ಮಾಡಿದೀನಿ. ಎರಡೂ ಒಟ್ಟಿಗೆ ಶುರುವಾಗಿದೆ.

ತರ್ಕಪ್ರಿಯ
ಎರಡೂ ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯ್ತು ಅಂತ ಗೊತ್ತಾಗಲ್ಲ ಮೇಡಂ.

ಸೊರಬ_ಶಾಲಿನಿ
ಗುಣವಾದರೆ ಸಾಕು ಸರ್ ನನಗೆ. ಪರೀಕ್ಷೆ ಕಾಲ ಬಂತು, ಮಕ್ಕಳ ಪ್ರಶ್ನೆ ಕೇಳಿಸಬೇಕು.

ರಾಮನಗರ_ರಘು
ಅಡ್ಮಿಟ್ ಮಾಡಿಕೊಂಡರು. ಒಳಗಿವಿಯದೇ ಅಂತೆ, ಸ್ಟೀರಾಯ್ಡ್ ಶುರು ಮಾಡಿದ್ದಾರೆ. ಶುಗರ್ ಇರೋದರಿಂದ ದಿನಕ್ಕೆ ನಾಲ್ಕು ಸಲ ಚೆಕ್ ಮಾಡ್ತಿದಾರೆ. ಕೇಳಿಸೋದು ಬರುತ್ತೋ ಇಲ್ಲವೋ ಈಗಲೇ ಹೇಳೋಕಾಗಲ್ಲ ಅಂದರು. ಎಲ್ಲರಿಗೂ ಧನ್ಯವಾದ.

ಹುಬ್ಬಳ್ಳಿ_ಬಸು
ಚಲೋ ಮಾಡಿದ್ರಿ ರಘು. ಆರಾಮ ಆಗ್ಲಿ ಚಿಕ್ಕಮ್ಮಾರಿಗೆ.

ಕೆಂಗೇರಿ_ಕಿಟ್ಟಿ
ಎರಡು ದಿಂಬು ಹಾಕಿ ಮಲಗಿದರೆ ಹುಳಿ ಮೇಲೆ ಬರಲ್ಲ ಅಂತಾರಲ್ಲ, ನಿಜವಾ?

ಗಂಟಲು_ಗೆಳೆಯ
ದಿಂಬು ಜಾಸ್ತಿ ಹಾಕಿದರೆ ಕುತ್ತಿಗೆ ಮಾತ್ರ ಬಗ್ಗುತ್ತೆ, ಹೊಟ್ಟೆ ಮಡಚಿ ಒತ್ತಡ ಇನ್ನೂ ಹೆಚ್ಚುತ್ತೆ. ಮಂಚದ ತಲೆ ಕಡೆಯ ಎರಡು ಕಾಲಿಗೆ ಆರರಿಂದ ಎಂಟು ಇಂಚಿನ ಗಟ್ಟಿ ಮರದ ತುಂಡು ಕೊಡಿ, ಇಡೀ ಮೈ ಇಳಿಜಾರಾಗಬೇಕು. ಎಡಮಗ್ಗುಲಲ್ಲಿ ಮಲಗೋದೂ ಒಳ್ಳೇದು, ಆಗ ಹೊಟ್ಟೆ ಅನ್ನನಾಳಕ್ಕಿಂತ ಕೆಳಗೆ ಇರುತ್ತೆ.

ಕೆಂಗೇರಿ_ಕಿಟ್ಟಿ
ನಮ್ಮದು ಬಾಕ್ಸ್ ಮಂಚ, ಕಾಲೇ ಇಲ್ಲ.

ಔಷಧಿ_ಅಂಗಡಿ_ಹಾಸನ
ಇಳಿಜಾರಿನ ಫೋಮ್ ದಿಂಬು ಸಿಗುತ್ತೆ, ಸೊಂಟದವರೆಗೆ ಬರೋದು ತಗೊಳ್ಳಿ. ಗಿಡ್ಡದ್ದು ಕೊಟ್ಟರೆ ಬೇಡ ಅನ್ನಿ, ಅದು ಬೆನ್ನು ನೋಯಿಸುತ್ತೆ.